ಚೋರಕಥೆಯೂ ಶ್ರಾವಕನ ನಾಲಿಗೆಯೂ

ಶ್ರೀ ಕುಂದಕುಂದಾಚಾರ್ಯರು ನಿಯಮಸಾರದಲ್ಲಿ ವಚನಗುಪ್ತಿಯ ಲಕ್ಷಣವನ್ನು ಹೇಳುವಾಗ ಪಾಪಕ್ಕೆ ಕಾರಣವಾಗುವ ನಾಲ್ಕು ಬಗೆಯ ಮಾತುಗಳನ್ನು ಹೆಸರಿಸಿದ್ದಾರೆ: ಸ್ತ್ರೀಕಥೆ, ರಾಜಕಥೆ, ಚೋರಕಥೆ, ಭಕ್ತಕಥೆ. ಇವುಗಳಲ್ಲಿ ಮೊದಲನೆಯದರ ವಿಷಯದಲ್ಲಿ ಪ್ರವಚನಕಾರರು ಬೇಕಾದಷ್ಟು ಎಚ್ಚರಿಸಿದ್ದಾರೆ. ರಾಜಕಥೆಯನ್ನು ಚುನಾವಣೆಯ ಕಾಲದಲ್ಲಿ ಬಿಟ್ಟವರು ಯಾರೂ ಇಲ್ಲ. ಭಕ್ತಕಥೆಯನ್ನು, ಅಂದರೆ ಊಟೋಪಚಾರದ ಮಾತನ್ನು, ಕೇಳಬೇಕಾದರೆ ಪಂಚಕಲ್ಯಾಣ ಮಹೋತ್ಸವದ ಭೋಜನಶಾಲೆಗೆ ಹೋದರಾಯಿತು. ಚೋರಕಥೆ ಮಾತ್ರ ಇಂದಿನ ಗೃಹಸ್ಥನಿಗೆ ಸಂಬಂಧಿಸಿದ್ದಲ್ಲ, ಅದು ಕಾಡುದಾರಿಯಲ್ಲಿ ನಡೆದು ಬಂದು ಛತ್ರದಲ್ಲಿ ತಂಗುತ್ತಿದ್ದ ಹಿಂದಿನ ಕಾಲದ ಪಯಣಿಗರ ಹರಟೆ ಎಂಬ ಭಾವನೆ ಸಮಾಜದಲ್ಲಿ ಬೇರೂರಿದೆ. ಈ ಭಾವನೆ ಸಂಪೂರ್ಣ ತಪ್ಪು. ನಾಲ್ಕು ವಿಕಥೆಗಳಲ್ಲಿ ಇಂದು ಜೈನ ಮನೆಗಳಲ್ಲಿ ಅತ್ಯಂತ ನಿರ್ಭಯವಾಗಿ ನಡೆಯುತ್ತಿರುವುದು ಚೋರಕಥೆಯೇ. ದೂರದರ್ಶನದ ಅಪರಾಧ ಧಾರಾವಾಹಿಯ ಕಳೆದ ಕಂತಿನ ಚರ್ಚೆ ಎಂಬುದು ಅದರ ಈಗಿನ ಹೆಸರು.

ದೃಷ್ಟಾಂತಕ್ಕೆ ಒಂದೇ ಧಾರಾವಾಹಿ ಸಾಕು. ಸೋನಿ ವಾಹಿನಿಯಲ್ಲಿ 1998ರ ಜನವರಿ 21ರಂದು ಬಿ.ಪಿ. ಸಿಂಗ್ ಅವರ ‘ಸಿ.ಐ.ಡಿ.’ ಆರಂಭವಾಯಿತು. 2018ರ ಅಕ್ಟೋಬರ್ 27ರಂದು ಅದು ನಿಂತಾಗ 1,547 ಕಂತುಗಳು ಮುಗಿದಿದ್ದವು. ಆರು ವರ್ಷಗಳ ವಿರಾಮದ ಬಳಿಕ 2024ರ ಡಿಸೆಂಬರ್ 21ರಂದು ಅದೇ ಪಾತ್ರಗಳೊಡನೆ ಮರಳಿ ಬಂತು. ಹೆಚ್ಚುಕಡಿಮೆ ಪ್ರತಿಯೊಂದು ಕಥೆಯೂ ಒಂದು ಶವದಿಂದ ತೊಡಗುವುದರಿಂದ ಎಷ್ಟು ಶವಗಳಾದುವೆಂಬ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು. ಅಜ್ಜ, ಮಗ, ಮೊಮ್ಮಗ ಮೂವರೂ ಒಂದೇ ಕಥೆಯ ಅಭಿಮಾನಿಗಳಾಗಿರುವ ಮನೆಗಳಿವೆ. ಹಿಂದಿ ಅಷ್ಟಾಗಿ ಬಾರದ ಊರುಗಳಲ್ಲಿಯೂ ಅದರ ಪಾತ್ರಗಳ ಹೆಸರು ಎಲ್ಲರಿಗೂ ಗೊತ್ತು. ಬಾಗಿಲು ಮುರಿಯುವ ದಯಾ ಎಂಬ ಅಧಿಕಾರಿಯ ಪಾತ್ರಧಾರಿ ದಯಾನಂದ ಶೆಟ್ಟಿಯವರು ಉಡುಪಿ ಜಿಲ್ಲೆಯ ಕಟಪಾಡಿಯ ಕಡೆಯವರಾದುದರಿಂದ, ಕಾರ್ಕಳ ಮೂಡುಬಿದಿರೆಗಳ ಸೀಮೆಯಲ್ಲಿ ಊರಿನವರೆಂಬ ಅಭಿಮಾನವೂ ಸೇರಿಕೊಂಡಿದೆ. ನಟರ ಮೇಲೆ ಇಲ್ಲಿ ಆಕ್ಷೇಪವಿಲ್ಲ. ಅವರದು ಉದ್ಯೋಗ, ಅದರಿಂದ ಅವರ ಸಂಸಾರ ನಡೆಯುತ್ತದೆ. ಪ್ರಶ್ನೆ ನೋಡುವವನದು, ನೋಡಿ ಎದ್ದ ಮೇಲೆ ಅವನು ಆಡುವ ಮಾತಿನದು.

2025ರ ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಆ ಧಾರಾವಾಹಿಯ ಹಿರಿಯ ಅಧಿಕಾರಿ, ಶಿವಾಜಿ ಸಾಟಮ್ ಅವರು ಅಷ್ಟು ವರ್ಷಗಳಿಂದ ಅಭಿನಯಿಸುತ್ತ ಬಂದಿದ್ದ ಎ.ಸಿ.ಪಿ. ಪ್ರದ್ಯುಮ್ನ್, ಬಾರ್ಬೋಸಾ ಎಂಬ ಖಳನ ಬಾಂಬಿಗೆ ಬಲಿಯಾದನೆಂದು ತೋರಿಸಲಾಯಿತು. ವಾಹಿನಿಯವರು ನಿಜವಾದ ಮರಣವಾರ್ತೆಯನ್ನು ಪ್ರಕಟಿಸುವಂತೆಯೇ ಶ್ರದ್ಧಾಂಜಲಿಯ ಚಿತ್ರವನ್ನು ಪ್ರಕಟಿಸಿದರು. ಅಭಿಮಾನಿಗಳು ದುಃಖಿಸಿದರು, ಸಿಟ್ಟಾದರು, ಆತನನ್ನು ಮರಳಿ ತನ್ನಿರೆಂದು ಒತ್ತಾಯಿಸಿದರು. ಅದೇ ವರ್ಷ ಆ ಪಾತ್ರ ಜೀವಂತವಾಗಿ ಮರಳಿ ಬಂದದ್ದೂ ಆಯಿತು, ಅಭಿಮಾನಿಗಳು ಹಿಗ್ಗಿದ್ದೂ ಆಯಿತು. ಇದೇ ಧಾರಾವಾಹಿಯಲ್ಲಿ ಫ್ರೆಡರಿಕ್ಸ್ ಎಂಬ ನಗೆಮೊಗದ ಪಾತ್ರವನ್ನು ಮಾಡುತ್ತಿದ್ದ ದಿನೇಶ್ ಫಡ್ನಿಸ್ ಅವರು 2023ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ಮರಳಲಿಲ್ಲ.

ಆ ವರ್ಷದ ಮಹಾವೀರ ಜಯಂತಿ ಏಪ್ರಿಲ್ 10ರಂದು, ಅಂದರೆ ಈ ಕಲ್ಪಿತ ಮರಣದ ಮಾತು ಬಿಸಿಯಾಗಿದ್ದ ವಾರದಲ್ಲಿಯೇ ಬಂತು. ಜಯಂತಿಯ ಮೆರವಣಿಗೆಗೆ ಸೇರಿದವರು, ಜನ್ಮಾಭಿಷೇಕಕ್ಕೆ ಕಾದು ಕುಳಿತವರು, ಮಧ್ಯಾಹ್ನದ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡವರು ಪರಸ್ಪರ ಏನು ಮಾತನಾಡಿದರೆಂಬುದನ್ನು ಅವರವರೇ ನೆನಪಿಸಿಕೊಳ್ಳಲಿ. ಬಸದಿಯ ಜಗಲಿಯಲ್ಲಿ ಇಂತಹ ಮಾತಿನ ಧಾಟಿ ಎಲ್ಲರಿಗೂ ಪರಿಚಿತವಾದದ್ದೇ. ‘ಅವನು ಸತ್ತಿಲ್ಲ, ಶವ ತೋರಿಸಿದರೇನು?’ ಎನ್ನುತ್ತಾನೆ ಒಬ್ಬ. ‘ಆ ಬಾರ್ಬೋಸಾನನ್ನು ಸುಮ್ಮನೆ ಹಿಡಿದು ಜೈಲಿಗೆ ಹಾಕಿದರೆ ಸಾಲದು, ಅವನಿಗೂ ಹಾಗೆಯೇ ಆಗಬೇಕು’ ಎನ್ನುತ್ತಾನೆ ಇನ್ನೊಬ್ಬ. ಮೂರನೆಯವನು ಜಾಣ, ಲೆಕ್ಕಪತ್ರ ಬಲ್ಲವನು. ಹಿಂದಿನ ವಾರದ ಕೊಲೆಗಾರನು ಮಾಡಿದ ತಪ್ಪು ಯಾವುದು, ಅದನ್ನು ಹೇಗೆ ಮಾಡಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ ಎಂಬುದನ್ನು ಅವನು ಸಾಂಗವಾಗಿ ವಿವರಿಸುತ್ತಾನೆ. ಸುತ್ತಲಿನ ಹುಡುಗರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಒಳಗೆ ಗರ್ಭಗೃಹದಲ್ಲಿ ಆರತಿ ನಡೆಯುತ್ತಿರುತ್ತದೆ.

ಈ ಮೂವರೂ ಸಜ್ಜನರು. ರಾತ್ರಿಭೋಜನ ಮಾಡುವವರಲ್ಲ. ನೀರು ಸೋಸದೆ ಕುಡಿಯುವವರಲ್ಲ. ತಟ್ಟೆಯಲ್ಲಿ ಒಂದು ಇರುವೆ ಕಂಡರೆ ಎತ್ತಿ ಅಂಗಳಕ್ಕೆ ಬಿಡುವವರು. ಆದುದರಿಂದಲೇ ಈ ವಿಷಯವನ್ನು ಕಠೋರವಾಗಿ ಹೇಳಬೇಕಾಗಿದೆ. ಕೈಯಲ್ಲಿ ಪಾಲಿಸಿದ ವ್ರತವನ್ನು ನಾಲಿಗೆಯಲ್ಲಿ ಒಡೆದರೆ ಒಡೆದಂತಲ್ಲ ಎಂದು ಇವರಿಗೆ ಕಲಿಸಿದವರು ಯಾರು?

ಕೇಳಿದರೆ ಬರುವ ಮೊದಲ ಉತ್ತರ ಒಂದೇ: ವಚನಗುಪ್ತಿ ಮುನಿಗಳಿಗೆ ಹೇಳಿದ್ದು, ಗೃಹಸ್ಥರಿಗಲ್ಲ. ಒಪ್ಪೋಣ. ಹಾಗಾದರೆ ಗೃಹಸ್ಥರಿಗೆಂದೇ ಹೇಳಿದ ಗ್ರಂಥವನ್ನು ತೆರೆಯಲಿ. ಸ್ವಾಮಿ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವಿರತಿ ಒಂದು ಗುಣವ್ರತ. ಅನರ್ಥದಂಡದ ಐದು ಭೇದಗಳು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ ಮತ್ತು ಪ್ರಮಾದಚರ್ಯೆ. ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದು ದುಃಶ್ರುತಿ. ದ್ವೇಷದಿಂದ ಇನ್ನೊಬ್ಬನ ವಧೆ, ಬಂಧನ, ಅಂಗಚ್ಛೇದಗಳನ್ನು ಮನಸ್ಸಿನಲ್ಲಿ ಬಯಸುವುದು ಅಪಧ್ಯಾನ. ಪಾಪದ ಉಪಾಯವನ್ನು ಹೇಳಿಕೊಡುವುದು ಪಾಪೋಪದೇಶ. ಜಗಲಿಯ ಮೂವರನ್ನು ಈಗ ಮತ್ತೊಮ್ಮೆ ನೋಡಬೇಕು. ಮೊದಲನೆಯವನದು ದುಃಶ್ರುತಿ, ಎರಡನೆಯವನದು ಅಪಧ್ಯಾನ, ಮೂರನೆಯವನದು ಪಾಪೋಪದೇಶಕ್ಕೆ ತೀರ ಸಮೀಪದ್ದು. ಆಚಾರ್ಯರು ದೂರದರ್ಶನವನ್ನು ಕಂಡವರಲ್ಲ, ಆದರೆ ಮನುಷ್ಯನನ್ನು ಕಂಡಿದ್ದರು.

ಅನರ್ಥ ಎಂಬ ಶಬ್ದವನ್ನು ವ್ಯಾಪಾರಿಗಳಾದ ಸಮಾಜಬಾಂಧವರು ಎಲ್ಲರಿಗಿಂತ ಚೆನ್ನಾಗಿ ಅರಿಯಬೇಕಾಗಿತ್ತು. ಪ್ರಯೋಜನವಿಲ್ಲದ್ದು, ಫಲವಿಲ್ಲದ್ದು ಎಂದು ಅರ್ಥ. ಜೈನಧರ್ಮ ಗೃಹಸ್ಥನಿಂದ ಅಸಾಧ್ಯವಾದುದನ್ನು ಬೇಡುವುದಿಲ್ಲ. ಅಡಿಗೆಮನೆಯ ಆರಂಭೀ ಹಿಂಸೆಯನ್ನು, ಕೃಷಿ ವಾಣಿಜ್ಯಗಳ ಉದ್ಯೋಗೀ ಹಿಂಸೆಯನ್ನು, ಆತ್ಮರಕ್ಷಣೆ ದೇಶರಕ್ಷಣೆಗಳ ವಿರೋಧೀ ಹಿಂಸೆಯನ್ನು ಅನಿವಾರ್ಯವೆಂದು ಬಗೆದು ಸಂಕಲ್ಪೀ ಹಿಂಸೆಯನ್ನು ಮಾತ್ರ ಪೂರ್ಣವಾಗಿ ಬಿಡಿಸುತ್ತದೆ. ಕೊಲೆಯ ಕಡತವನ್ನು ಓದುವ ವಕೀಲನಿಗೆ ಪ್ರಯೋಜನವಿದೆ. ಶವಪರೀಕ್ಷೆ ಮಾಡುವ ವೈದ್ಯನಿಗೆ, ಕಳ್ಳನ ಬೆನ್ನಟ್ಟುವ ನಿಜವಾದ ಪೊಲೀಸಿನವನಿಗೆ ಪ್ರಯೋಜನವಿದೆ. ಅವರು ಈ ಮಾತನ್ನಾಡಿದರೆ ಅದು ಕಸುಬಿನ ಮಾತು. ಊಟದ ಎಲೆಯ ಮುಂದೆ ಕುಳಿತು, ಎಂದೂ ಇಲ್ಲದಿದ್ದ ಮನುಷ್ಯನನ್ನು ಎಂದೂ ಇಲ್ಲದಿದ್ದ ಇನ್ನೊಬ್ಬನು ಹೇಗೆ ಕೊಂದನೆಂದು ಚರ್ಚಿಸುವ ಬಟ್ಟೆ ವ್ಯಾಪಾರಿಗೆ ಯಾವ ಪ್ರಯೋಜನ? ಜಮೆಯ ಕಡೆಯಲ್ಲಿ ಒಂದು ಕಾಸೂ ಇಲ್ಲದ ಈ ಖರ್ಚನ್ನು ಅವನು ತನ್ನ ಅಂಗಡಿಯಲ್ಲಿ ಒಂದು ದಿನವೂ ಸಹಿಸುತ್ತಿರಲಿಲ್ಲ.

ನೋಡುವುದಕ್ಕಿಂತ ಮಾತನಾಡುವುದೇ ಹೆಚ್ಚು ಹಾನಿಕರ ಎಂಬುದು ಇಲ್ಲಿನ ಮುಖ್ಯ ವಾದ. ನೋಡುವಾಗ ಮನುಷ್ಯನು ಅರ್ಧ ನಿದ್ರೆಯಲ್ಲಿರುತ್ತಾನೆ, ಕಥೆ ತನ್ನ ಪಾಡಿಗೆ ಓಡುತ್ತದೆ, ಒಂದು ಗಂಟೆಯಲ್ಲಿ ಮುಗಿಯುತ್ತದೆ. ಮಾತನಾಡುವಾಗ ಅವನೇ ಕಥೆಗಾರ. ಯಾರು ಸಾಯಬೇಕು, ಯಾರು ಬದುಕಬೇಕು, ಹೇಗೆ ಸಾಯಬೇಕು ಎಂಬುದನ್ನು ತಾನೇ ನಿರ್ಣಯಿಸುತ್ತಾನೆ. ತತ್ತ್ವಾರ್ಥಸೂತ್ರವು ಮನ ವಚನ ಕಾಯಗಳಿಂದ ಕೃತ, ಕಾರಿತ, ಅನುಮತ ಎಂದು ವಿಭಾಗಿಸಿರುವುದು ಇಂತಹ ಸೂಕ್ಷ್ಮಕ್ಕಾಗಿಯೇ. ಶನಿವಾರ ರಾತ್ರಿ ಸುಮ್ಮನೆ ನೋಡಿದವನು, ಭಾನುವಾರ ಬೆಳಗ್ಗೆ ಚರ್ಚೆಗೆ ತೊಡಗಿದಾಗ, ಅನುಮೋದಿಸುವವನಾಗುತ್ತಾನೆ. ಹಿಂಸೆಯಲ್ಲಿ, ಸುಳ್ಳಿನಲ್ಲಿ, ಕಳವಿನಲ್ಲಿ ಮನಸ್ಸು ಸುಖಿಸುತ್ತ ನಿಲ್ಲುವುದಕ್ಕೆ ರೌದ್ರಧ್ಯಾನವೆಂದು ಹೆಸರು. ಧ್ಯಾನವೆಂದರೆ ಮತ್ತೆ ಮತ್ತೆ ಅಲ್ಲಿಗೇ ಹೋಗುವುದಷ್ಟೆ. ವಾರವಿಡೀ ಹೋಗುತ್ತಿರುವುದು ಎಲ್ಲಿಗೆ?

‘ಕೊನೆಯಲ್ಲಿ ಅಪರಾಧಿ ಸಿಕ್ಕಿಬೀಳುತ್ತಾನಲ್ಲವೇ, ಮಕ್ಕಳಿಗೆ ನೀತಿಯೇ ದೊರೆಯುತ್ತದೆ’ ಎಂಬುದು ಎರಡನೆಯ ಸಮರ್ಥನೆ. ಆದರೆ ಹೇಗೆ ಸಿಕ್ಕಿಬೀಳುತ್ತಾನೆ? ಬಾಗಿಲು ಮುರಿದು ಒಳನುಗ್ಗುವುದು, ಕೆನ್ನೆಗೊಂದು ಏಟು, ಏಟು ಬಿದ್ದೊಡನೆ ತಪ್ಪೊಪ್ಪಿಗೆ. ಅಭಿಮಾನಿಗಳು ಅತ್ಯಂತ ಸಂತೋಷದಿಂದ ಅಭಿನಯಿಸಿ ತೋರಿಸುವುದು ಆ ಏಟನ್ನೇ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ರುಜುವಾತುಪಡಿಸಲಾಗದೆಂದು 1872ರ ಸಾಕ್ಷ್ಯ ಅಧಿನಿಯಮವು ತನ್ನ 25ನೆಯ ಕಲಮಿನಲ್ಲಿ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮೂ ಅದನ್ನೇ ಹೇಳುತ್ತದೆ. ಪರದೇಶೀಯರು ಬರೆದ ಕಾನೂನಿಗೂ ಅಸಹ್ಯವೆನಿಸಿದ್ದು ಅಹಿಂಸಾಧರ್ಮದ ಮನೆಯಲ್ಲಿ ಚಪ್ಪಾಳೆಗೆ ಯೋಗ್ಯವಾಗಿದೆ. ಇದನ್ನು ನೀತಿಯೆಂದು ಕರೆಯುವುದಾದರೆ ಅನೀತಿಗೆ ಬೇರೆ ಹೆಸರು ಹುಡುಕಬೇಕಾಗುತ್ತದೆ.

‘ಎಲ್ಲವೂ ಸುಳ್ಳು ಕೊಲೆ, ಬಣ್ಣದ ರಕ್ತ, ಯಾವ ಜೀವಕ್ಕೂ ನೋವಿಲ್ಲ’ ಎಂಬ ಮೂರನೆಯ ಸಮರ್ಥನೆಯನ್ನು ಕನ್ನಡ ಜೈನರು ಮಾಡಕೂಡದು. 1209ರಲ್ಲಿಯೇ ಜನ್ನ ಕವಿ ಇದಕ್ಕೆ ಉತ್ತರ ಕೊಟ್ಟಾಗಿದೆ. ಯಶೋಧರ ಚರಿತೆಯ ಅರಸನು ಜೀವವುಳ್ಳ ಕೋಳಿಯನ್ನು ಕೊಂದವನಲ್ಲ. ತಾಯಿ ಚಂದ್ರಮತಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ದೇವಿಗೆ ಒಪ್ಪಿಸಿದವನು. ಅಷ್ಟಕ್ಕೇ ತಾಯಿಯೂ ಮಗನೂ ನವಿಲು ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲಿದರು. ಹಿಟ್ಟಿಗೆ ನೋವಾಗಲಿಲ್ಲ, ನಿಜ. ಕತ್ತಿಯನ್ನೆತ್ತಿದ ಭಾವಕ್ಕೆ ಎದುರಿಗಿರುವುದು ಹಿಟ್ಟೋ ಮಾಂಸವೋ ಎಂಬ ಭೇದವಿಲ್ಲ. ಈ ಕಾವ್ಯವನ್ನು ಓದಿ ತಲೆದೂಗಿದವರೇ ಗಾಜಿನ ಪರದೆಯ ಮೇಲಿನ ಹಿಟ್ಟಿನ ಕೋಳಿಗಳನ್ನು ವಾರಕ್ಕೆರಡರಂತೆ ಒಪ್ಪಿಸುತ್ತಿರುವುದು ವಿಚಿತ್ರ.

ಇಲ್ಲಿ ಒಂದು ಪ್ರಬಲವಾದ ಆಕ್ಷೇಪವಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ಆ ಯಶೋಧರ ಚರಿತೆಯಲ್ಲಿಯೇ ಜಾರತನವಿಲ್ಲವೆ, ಗಂಡನಿಗೂ ಅತ್ತೆಗೂ ವಿಷವಿಕ್ಕಿದ ಅಮೃತಮತಿ ಇಲ್ಲವೆ? ವಡ್ಡಾರಾಧನೆಯಲ್ಲಿ ವಿದ್ಯುಚ್ಚೋರನ ಕಥೆಯಿಲ್ಲವೆ? ಸಮ್ಯಗ್ದರ್ಶನದ ನಿಃಶಂಕಿತ ಅಂಗಕ್ಕೆ ಉದಾಹರಣೆಯಾಗಿ ಅಂಜನಚೋರನನ್ನೇ ಹೇಳುವುದಿಲ್ಲವೆ? ಇವೆಲ್ಲ ಚೋರಕಥೆಗಳೇ. ಆದರೆ ಈ ಕಥೆಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ನೋಡಬೇಕು. ಅಂಜನನು ಕಳ್ಳನಾಗಿ ಕಥೆಯೊಳಗೆ ಬರುತ್ತಾನೆ. ಅವನು ಹೇಗೆ ಕದ್ದನೆಂಬುದು ಕೇಳಿದವರ ನೆನಪಿನಲ್ಲಿ ಉಳಿಯುವುದಿಲ್ಲ. ಪಂಚನಮಸ್ಕಾರ ಮಂತ್ರವನ್ನು ನಂಬಿ ಉಯ್ಯಾಲೆಯ ಹಗ್ಗಗಳನ್ನು ಕತ್ತರಿಸಿದ ಗಳಿಗೆ ಉಳಿಯುತ್ತದೆ. ಆ ಕಳ್ಳನೇ ಮುನಿಯಾಗಿ ಮುಕ್ತಿಗೆ ಸಲ್ಲುತ್ತಾನೆ. ಪುರಾಣಕಾರನಿಗೆ ಕಳ್ಳನು ಒಂದು ಆತ್ಮ, ಅವನ ಮುಂದಿನ ಭವದ ಚಿಂತೆ ಅವನಿಗಿದೆ. ಧಾರಾವಾಹಿಗೆ ಕಳ್ಳನು ಒಂದು ಕಂತಿನ ಸಾಮಗ್ರಿ. ಏಟು ಬಿದ್ದ ಮೇಲೆ ಅವನ ಗತಿಯೇನೆಂದು ಅಭಿಮಾನಿಗಳಲ್ಲಿ ಒಬ್ಬನೂ ಕೇಳುವುದಿಲ್ಲ, ಮುಂದಿನ ವಾರದ ಕಳ್ಳನು ಯಾರೆಂದು ಕೇಳುತ್ತಾರೆ.

ದೂರದರ್ಶನ ಯಂತ್ರವನ್ನೇ ಮನೆಯಿಂದ ಹೊರಗೆ ಹಾಕಿರೆಂದು ಬೋಧಿಸುವ ಹಿರಿಯರಿದ್ದಾರೆ. ಅವರ ಉದ್ದೇಶ ಒಳ್ಳೆಯದು, ಉಪಾಯ ನಿಷ್ಫಲ. ಯಂತ್ರ ಹೋದರೆ ಜೇಬಿನ ಫೋನಿನಲ್ಲಿ ಅದೇ ಕಂತು ದೊರೆಯುತ್ತದೆ. ಇಲ್ಲಿ ಕೇಳುತ್ತಿರುವುದು ಅದಕ್ಕಿಂತ ಕಡಮೆಯದು. ನೋಡದೆ ಇರಲಾಗದವನು ನೋಡಲಿ, ನೋಡಿದ್ದನ್ನು ಅಲ್ಲಿಯೇ ಮುಗಿಸಲಿ. ಬಸದಿಯ ಹೊಸ್ತಿಲಿನಿಂದ ಒಳಕ್ಕೆ, ಊಟದ ಪಂಕ್ತಿಗೆ, ಮಕ್ಕಳ ಪಾಠಶಾಲೆಗೆ ಅದನ್ನು ತರದಿರಲಿ. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಹಸಿರು ತರಕಾರಿಯನ್ನು ಬಿಡುವ ನಿಯಮ ತೆಗೆದುಕೊಳ್ಳುವವರು ಚೋರಕಥೆಯನ್ನು ಬಿಡುವ ನಿಯಮವನ್ನೂ ತೆಗೆದುಕೊಳ್ಳಬಹುದಲ್ಲ. ಅದಕ್ಕೆ ಹೊಟ್ಟೆ ಹಸಿಯುವುದಿಲ್ಲ.

ಟ್ರಸ್ಟುಗಳ ಆಡಳಿತ ಮಂಡಳಿಗಳೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ಶಿಖರಕ್ಕೆ ಬಣ್ಣ, ಅಂಗಳಕ್ಕೆ ಗ್ರಾನೈಟು, ಸಭಾಭವನಕ್ಕೆ ಹವಾನಿಯಂತ್ರಣ ಇವಕ್ಕೆಲ್ಲ ಹಣ ಸಂಗ್ರಹವಾಗುತ್ತದೆ. ಸಂಜೆಯ ಸ್ವಾಧ್ಯಾಯಕ್ಕೆ ಒಬ್ಬ ಪಂಡಿತರನ್ನು ನೇಮಿಸಿ ಮರ್ಯಾದೆಯ ಸಂಬಳ ಕೊಡುವ ಪ್ರಸ್ತಾಪ ಬಂದರೆ ಅದು ಮುಂದಿನ ಸಭೆಗೆ ಮುಂದೂಡಲ್ಪಡುತ್ತದೆ. ಜಗಲಿಯಲ್ಲಿ ಕುಳಿತವರಿಗೆ ಕೇಳಲು ಬೇರೆ ಕಥೆಯೇ ಇಲ್ಲದಿದ್ದರೆ ಇದ್ದ ಕಥೆಯನ್ನೇ ಆಡುತ್ತಾರೆ. ಕಳ್ಳರ ಕಥೆಯೇ ಬೇಕೆನ್ನುವ ಹುಡುಗರಿಗೆ ಅಂಜನಚೋರನನ್ನೂ ವಿದ್ಯುಚ್ಚೋರನನ್ನೂ ಸ್ವಾರಸ್ಯವಾಗಿ ಹೇಳಬಲ್ಲವರು ಎಷ್ಟು ಬಸದಿಗಳಲ್ಲಿ ಇದ್ದಾರೆ?

ಶ್ರೀಕೃಷ್ಣನ ಮಗನಾದ ಪ್ರದ್ಯುಮ್ನನು ಜೈನ ಪುರಾಣದಲ್ಲಿ ಇಪ್ಪತ್ತನಾಲ್ವರು ಕಾಮದೇವರಲ್ಲಿ ಒಬ್ಬನು, ದೀಕ್ಷೆ ಪಡೆದು ಊರ್ಜಯಂತಗಿರಿಯಲ್ಲಿ ಮೋಕ್ಷಕ್ಕೆ ಸಂದವನು. ಗಿರನಾರಿಗೆ ಯಾತ್ರೆ ಹೋಗಿ ಬಂದ ಕುಟುಂಬಗಳು ಸಮಾಜದಲ್ಲಿ ಬಹಳ ಇವೆ. ಮುಂದಿನ ಭಾನುವಾರ ಪಾಠಶಾಲೆಯಲ್ಲಿ, ಆಡಳಿತ ಮಂಡಳಿಯ ಸದಸ್ಯರು ಒಬ್ಬರಾದರೂ ಕುಳಿತಿರುವಾಗ, ಪ್ರದ್ಯುಮ್ನನೆಂದರೆ ಯಾರೆಂದು ಮಕ್ಕಳನ್ನು ಒಮ್ಮೆ ಕೇಳಿ ನೋಡಲಿ.