ನಂದಿಗೆ ಹೊರಡುವ ಮುನ್ನ

ರೇಷ್ಮೆಗೂಡಿನ ಊರಾದ ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದ ಮಾರ್ಗವಾಗಿ ನಂದಿಗೆ ಬೈಸಿಕಲ್ಲಿನಲ್ಲಿ ಹೋಗಿಬರುವುದು ಒಂದು ದಿನದ ವಿಹಾರಕ್ಕೆ ತಕ್ಕುದು. ದಾರಿಯ ಬುತ್ತಿಯನ್ನು ಗೃಹಿಣಿ ಮರೆಯಳು. ಬ್ರೇಕಿನ ರಬ್ಬರನ್ನು ಮಾತ್ರ ಯಜಮಾನರು ಮರೆಯುತ್ತಾರೆ.

1,478 ಮೀಟರ್ ಎತ್ತರದ ಬೆಟ್ಟವನ್ನು ಏರುವಾಗ ಕಾಲು ಸೋತರೆ ಇಳಿದು ತಳ್ಳಬಹುದು. ಇಳಿಯುವಾಗ ಬ್ರೇಕು ಸೋತರೆ ತಿರುವಿನಲ್ಲಿ ಗತಿಯೇನು? ಆದುದರಿಂದ ಹಿಂದಿನ ದಿನವೇ ರಬ್ಬರನ್ನು ಪರೀಕ್ಷಿಸಿ, ಸವೆದಿದ್ದರೆ ಬದಲಿಸತಕ್ಕದ್ದು. ಮುಂದಿನ ಚಕ್ರದ ರಬ್ಬರನ್ನು ಕೂರಿಸುವ ತಗಡಿನ ಗೂಡಿಗೆ ಒಂದು ತುದಿ ತೆರೆದಿದ್ದರೆ, ಮುಚ್ಚಿದ ತುದಿಯೇ ಮುಂದಕ್ಕಿರಬೇಕು. ತಿರುಗುಮುರುಗಾದರೆ, ಬ್ರೇಕು ಹಿಡಿದೊಡನೆ ಚಕ್ರವೇ ರಬ್ಬರನ್ನು ಹೊರಕ್ಕೆಳೆದುಬಿಡುತ್ತದೆ. ಚೈನಿಗೆ ಎಣ್ಣೆ ಬಿಡುವ ಉತ್ಸಾಹದಲ್ಲಿ ಕೆಲವರು ಇಡೀ ಗಾಡಿಗೇ ಅಭ್ಯಂಜನ ಮಾಡಿಸುವರು! ರಿಮ್ಮಿಗೆ ಎಣ್ಣೆ ತಗುಲಿದರೆ ಬ್ರೇಕು ಜಾರುತ್ತದೆ. ಸಾಬೂನಿನ ನೀರಿನಿಂದ ತೊಳೆದು ಒಣಬಟ್ಟೆಯಿಂದ ಒರೆಸಬೇಕು.

ಇಳಿಜಾರಿನಲ್ಲಿ ಎರಡು ಬ್ರೇಕುಗಳನ್ನೂ ಬಿಟ್ಟು ಬಿಟ್ಟು ಹಿಡಿಯುವುದು ಲೇಸು. ಕ್ಯಾರಿಯರಿನ ಮೇಲೆ ಮಗುವಿದ್ದರೆ ಬೆಟ್ಟ ಹತ್ತದೆ, ಬುಡದ ಭೋಗನಂದೀಶ್ವರ ದೇವಾಲಯವನ್ನೂ ಅದರ ಕಲ್ಯಾಣಿಯನ್ನೂ ನೋಡಿ, ಹೊರಗೆ ಮರದ ನೆರಳಿನಲ್ಲಿ ಬುತ್ತಿ ಬಿಚ್ಚುವುದೇ ವಿವೇಕ. ಅಲ್ಲಿಂದ ಮುದ್ದೇನಹಳ್ಳಿ ದೂರವಿಲ್ಲ. 1962ರಲ್ಲಿ ನಿಧನರಾದ ವಿಶ್ವೇಶ್ವರಯ್ಯನವರ ಸಮಾಧಿಯನ್ನು ಕಂಡು, ಹೊತ್ತು ಮುಳುಗುವುದರೊಳಗೆ ಊರು ಸೇರಬಹುದು.