ಗುಳೆ ಹೋಗುವ ಕೂಲಿಕಾರರೂ ಭೂಮಾಲೀಕರ ಕರ್ತವ್ಯವೂ

ಮುದ್ದೇಬಿಹಾಳ, ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಸೀಮೆಗಳಲ್ಲಿ ತೊಗರಿಯ ಕೊಯ್ಲಿಗೂ ಬಿಳಿಜೋಳದ ಸುಗ್ಗಿಗೂ ಆಳುಗಳು ಸಿಕ್ಕುವುದಿಲ್ಲವೆಂಬ ದೂರು ವರ್ಷವರ್ಷವೂ ಕೇಳಿಬರುತ್ತಿದೆ. ಕೂಲಿಕಾರರು ಸೋಮಾರಿಗಳಾದರೆಂದು ಕೆಲವರು ಆಕ್ಷೇಪಿಸುವರು. ಆದರೆ ಅದೇ ಜನರು ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುತ್ತಾರೆ; ಗೋವೆ, ಪುಣೆ, ಮುಂಬಯಿಗಳಲ್ಲಿ ಕಟ್ಟಡದ ಕಲ್ಲುಮಣ್ಣು ಹೊರುತ್ತಾರೆ. ಸೋಮಾರಿಗೆ ಇಂಥ ದುಡಿಮೆಯು ಸಾಧ್ಯವೇ? ಆದುದರಿಂದ ನಿಜವಾದ ಕಾರಣವನ್ನು ಬೇರೆಡೆಯಲ್ಲಿ ಹುಡುಕಬೇಕು.

ಕಾಲುವೆಯ ನೀರು ಕಾಣದ ಎರೆಭೂಮಿಯ ಊರುಗಳಲ್ಲಿ ಸುಗ್ಗಿ ತೀರಿದ ಬಳಿಕ ಬಿತ್ತಿಗೆಯವರೆಗೆ ಕೂಲಿಯು ವಿರಳ. ಮಳೆ ತಡೆದರಂತೂ ಆಷಾಢದಲ್ಲಿ ಬಡವನ ಮನೆಯ ಕಾಳು ಬರಿದಾಗುತ್ತದೆ. ಆ ಸಮಯಕ್ಕೆ ಕಬ್ಬಿನ ತಂಡದ ಮುಕಾದಮನು ಮುಂಗಡ ಹಣದೊಡನೆ ಕೇರಿಗೂ ತಾಂಡಾಕ್ಕೂ ಬರುತ್ತಾನೆ. ಗಂಡಹೆಂಡಿರು ಅದನ್ನು ಪಡೆದರೆಂದರೆ, ಪುಷ್ಯಮಾಘಗಳಲ್ಲಿ ನಮ್ಮ ಪೈರು ಮಾಗಿದಾಗ ಅವರು ಪರರ ಹೊಲದಲ್ಲಿರುತ್ತಾರೆ. ಸುಗ್ಗಿಗೆ ಬೇಕಾದ ಆಳು ಆಷಾಢದಲ್ಲಿಯೇ ಕೈತಪ್ಪಿರುತ್ತಾನೆ.

ಗುಳೆಯಿಂದ ಮಕ್ಕಳ ಶಾಲೆ ತಪ್ಪುತ್ತದೆ. ಮನೆಯಲ್ಲಿ ಮುದುಕರು ಮಾತ್ರ ಉಳಿಯುತ್ತಾರೆ. ದುಡಿಮೆಗೆ ಬರೆದ ಕರಾರಿಲ್ಲ, ಗಾಯವಾದರೆ ಕೇಳುವವರಿಲ್ಲ. ಭಾರತದ ದುಡಿಮೆಗಾರರಲ್ಲಿ ನೂರಕ್ಕೆ ಸುಮಾರು 92 ಮಂದಿ ಇಂಥ ಭದ್ರತೆಯಿಲ್ಲದವರೆಂದು ಅಸಂಘಟಿತ ವಲಯದ ರಾಷ್ಟ್ರೀಯ ಆಯೋಗವು 2007ರಲ್ಲಿ ತಿಳಿಸಿತು. 2020ರ ಮಾರ್ಚಿಯಲ್ಲಿ ದೇಶದ ವ್ಯವಹಾರವೆಲ್ಲ ನಿಂತಾಗ ಅನೇಕರು ಕಾಲ್ನಡಿಗೆಯಿಂದ ಊರು ಸೇರಬೇಕಾದುದನ್ನು ಎಲ್ಲರೂ ಬಲ್ಲರು.

ಇದಕ್ಕೆ ಪರಿಹಾರವು ನಮ್ಮ ಹೊಲದಲ್ಲಿಯೇ ಇದೆ. ಒಣಬೇಸಾಯದ ಸಂಶೋಧನೆಯು ಬಿಜಾಪುರದಲ್ಲಿ 1930ರ ದಶಕದಲ್ಲಿಯೇ ಆರಂಭವಾಯಿತು. ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ 1942ರ ಭೂಸುಧಾರಣೆಯ ಕಾಯಿದೆಯು ಒಡ್ಡಿನ ಕೆಲಸಕ್ಕೆ ಆಧಾರವಾಯಿತು. ಹಿಂಗಾರಿ ಜೋಳವು ನೆಲದಲ್ಲಿ ಉಳಿದ ತೇವದಿಂದಲೇ ಬೆಳೆಯತಕ್ಕದ್ದು. ಒಡ್ಡು ಒಡೆದ ಹೊಲದಲ್ಲಿ ನೀರೂ ಮಣ್ಣೂ ಹಳ್ಳಕ್ಕೆ ಹರಿಯುತ್ತವೆ. ಆದುದರಿಂದ ಚೈತ್ರದಿಂದ ಜ್ಯೇಷ್ಠದವರೆಗೆ ಒಡ್ಡು ಕಟ್ಟಿಸುವುದು, ಹೊಂಡದ ಹೂಳೆತ್ತಿಸುವುದು, ಕರಿಕೆ ಅಗೆಯಿಸುವುದು ಇವೇ ಮೊದಲಾದ ಕೆಲಸಗಳನ್ನು ಏರ್ಪಡಿಸಿದರೆ ಭೂಮಿಯೂ ಸುಧಾರಿಸುವುದು, ಕೂಲಿಕಾರನ ಆಷಾಢವೂ ಸಾಗುವುದು.

ಮಳೆ ತಪ್ಪಿದ ವರ್ಷ ಮಾಲೀಕನ ಕೈಯಲ್ಲಿಯೂ ಹಣವಿಲ್ಲವೆಂಬ ಮಾತು ನಿಜವೇ. ಆದರೆ ಎಂಟುಹತ್ತು ಮಂದಿ ಕೂಡಿ ಕೆಲಸವನ್ನು ಹಂಚಿಕೊಂಡರೆ ಒಬ್ಬೊಬ್ಬರ ಭಾರವು ಹಗುರಾಗುವುದು. ಸರ್ಕಾರದ ಉದ್ಯೋಗ ಕಾಮಗಾರಿಗಳೂ ಬೇಸಗೆಯಲ್ಲಿಯೇ ಆರಂಭವಾಗುವಂತೆ ಊರಿನ ಪ್ರಮುಖರು ಪಂಚಾಯತಿಯಲ್ಲಿ ಒತ್ತಾಯಿಸಬೇಕು.

ಮುಕಾದಮನಂತೆ ತಾವೂ ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುವ ಯೋಚನೆ ಮಾತ್ರ ಸಲ್ಲದು. ಸಾಲಕ್ಕಾಗಿ ಜೀತ ಮಾಡಿಸುವುದು 1976ರ ಕಾಯಿದೆಯಂತೆ ಅಪರಾಧವು. ಸಂತೆಯ ದಿನಕ್ಕೆ ಸರಿಯಾಗಿ ಕೂಲಿ ಕೊಡುವುದು, ಸಮನಾದ ಕೆಲಸಕ್ಕೆ ಹೆಣ್ಣಾಳಿಗೂ ಸಮನಾದ ಕೂಲಿ ಕೊಡುವುದು, ಲೆಕ್ಕವನ್ನು ಬರೆದಿಟ್ಟು ಅವರಿಗೆ ಓದಿ ಹೇಳುವುದು ಇವಿಷ್ಟು ನಡೆದರೆ ಸಾಕು. ಬೇಸಗೆಯಲ್ಲಿ ಕೂಲಿಕಾರನ ಒಲೆಯನ್ನು ನೆನೆಯುವ ಮಾಲೀಕನಿಗೆ ಸುಗ್ಗಿಯಲ್ಲಿ ಆಳಿನ ಕೊರತೆಯು ಕಡಿಮೆಯಾಗುವುದು. ಭೂಮಾಲೀಕರು ಈ ವರ್ಷದಿಂದಲೇ ಇದನ್ನು ಆಚರಣೆಗೆ ತರುವರೆಂದು ನಂಬಿದ್ದೇವೆ.