ಹಳೆಯ ಜೀಪಿಗೆ ಹೊಸ ಗಾಳಿಶೋಧಕ

ಮನುಷ್ಯನಿಗೆ ಮೂಗು ಹೇಗೋ ಮೋಟಾರು ಯಂತ್ರಕ್ಕೆ ಏರ್ ಫಿಲ್ಟರ್, ಅಂದರೆ ಗಾಳಿಶೋಧಕ, ಹಾಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗೆ ತಯಾರಾದ ವಿಲ್ಲಿಸ್ ಜೀಪಿನ ಎಂಜಿನ್ 2.2 ಲೀಟರಿನದು. ನಿಮಿಷಕ್ಕೆ 3000 ಸುತ್ತು ತಿರುಗುತ್ತ ಪೂರ್ಣ ಭಾರವನ್ನು ಎಳೆಯುವಾಗ ಅದಕ್ಕೆ ಸುಮಾರು 2500 ಲೀಟರು ಗಾಳಿ ಬೇಕು. ಗಾಳಿಯೊಡನೆ ನುಗ್ಗುವ ಮಣ್ಣಿನ ಕಣಗಳು ಎಣ್ಣೆಯಲ್ಲಿ ಬೆರೆತು, ಮರಳುಕಾಗದದಂತೆ ಸಿಲಿಂಡರನ್ನೂ ಪಿಸ್ಟನ್ ರಿಂಗುಗಳನ್ನೂ ಸವೆಸುತ್ತವೆ.

ಇದನ್ನು ತಡೆಯಲೆಂದು ಆ ಜೀಪಿನಲ್ಲಿ ಎಣ್ಣೆಬಟ್ಟಲಿನ ಶೋಧಕವಿತ್ತು. ಒಳಬಂದ ಗಾಳಿಯು ಕೆಳಗಿಳಿದು, ಎಣ್ಣೆಯ ಮೇಲ್ಮೈಗೆ ತಾಗಿ ಥಟ್ಟನೆ ಮೇಲಕ್ಕೆ ತಿರುಗುತ್ತದೆ. ಭಾರವಾದ ಧೂಳು ಎಣ್ಣೆಯಲ್ಲಿಯೇ ಉಳಿಯುತ್ತದೆ; ಮಿಕ್ಕದ್ದು ಎಣ್ಣೆಯಿಂದ ನೆನೆದ ತಂತಿಜಾಲರಿಗೆ ಅಂಟುತ್ತದೆ. ಉಪಾಯ ಸೊಗಸಾದುದೇ. ಆದರೆ ಎಂಜಿನ್ ನಿಧಾನವಾಗಿ ನಡೆಯುವಾಗ ಗಾಳಿಯ ವೇಗ ಸಾಲದೆ ನುಣ್ಣನೆಯ ಧೂಳು ತಪ್ಪಿಸಿಕೊಳ್ಳುತ್ತದೆ. ಎಣ್ಣೆಯನ್ನು ಮಟ್ಟ ಮೀರಿ ತುಂಬಿದರೆ ಅದೇ ಕಾರ್ಬ್ಯುರೇಟರಿನತ್ತ ಸೆಳೆಯಲ್ಪಡುತ್ತದೆ. ಒಳ್ಳೆಯ ಕಾಗದದ ಶೋಧಕವಾದರೋ ಧೂಳಿನಲ್ಲಿ ನೂರಕ್ಕೆ 99 ಪಾಲಿಗಿಂತ ಹೆಚ್ಚನ್ನು ಹಿಡಿಯಬಲ್ಲದು. ಆದುದರಿಂದ ದಿನವೂ ಓಡಿಸುವ ಹಳೆಯ ಜೀಪಿಗೆ ಈ ಮಾರ್ಪಾಟು ಯುಕ್ತವೇ ಸರಿ.

ಆದರೆ ಹಳೆಯದನ್ನು ಕಿತ್ತೆಸೆದು, ಸಿಕ್ಕಿದ ಶೋಧಕವೊಂದನ್ನು ಕಾರ್ಬ್ಯುರೇಟರಿನ ಬಾಯಿಗೆ ಬಿಗಿಯುವುದು ಜಾಣತನವಲ್ಲ. ವಿಲ್ಲಿಸ್ ಜೀಪಿನಲ್ಲಿ ಶೋಧಕದಿಂದ ಕಾರ್ಬ್ಯುರೇಟರಿಗೆ ಹೋಗುವ ಅಡ್ಡಕೊಳವೆಯಿಂದಲೇ ಎಂಜಿನ್ ಎಣ್ಣೆ ಹೊಯ್ಯುವ ಕೊಳವೆಗೂ ಶುದ್ಧ ಗಾಳಿ ಹೋಗುತ್ತದೆ. ಆ ಸಂಪರ್ಕವನ್ನು ತೆರೆದುಬಿಟ್ಟರೆ ಧೂಳು ನೇರವಾಗಿ ಎಂಜಿನ್ನಿನ ಹೊಟ್ಟೆಗೇ ಸೇರುತ್ತದೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ!

ಹಾಗಾದರೆ ಮಾಡತಕ್ಕದ್ದೇನು? ತಂತಿಜಾಲರಿ ಕಳಚಿಬರುವಂತಿದ್ದರೆ ಅದನ್ನು ತೆಗೆದು, ಬಟ್ಟಲಿನ ಎಣ್ಣೆಯನ್ನು ಬರಿದುಮಾಡಿ ತೊಳೆದು ಒಣಗಿಸಿ, ಆ ಕವಚದೊಳಗೇ ಅಳತೆಗೆ ತಕ್ಕ ಕಾಗದದ ಸುರುಳಿಯನ್ನು ಕೂಡಿಸಬಹುದು. ಅದರ ಎರಡು ತುದಿಗಳೂ ರಬ್ಬರ್ ಬಿಲ್ಲೆಗಳ ಮೇಲೆ ಬಿಗಿಯಾಗಿ ಕುಳಿತುಕೊಳ್ಳಬೇಕು. ಗಾಳಿ ಕಾಗದದ ಮೂಲಕವಲ್ಲದೆ ಬೇರೆ ದಾರಿಯಲ್ಲಿ ನುಸುಳಬಾರದು. ಜಾಲರಿ ಬೆಸುಗೆಯಾಗಿದ್ದರೆ ಕತ್ತರಿಸದಿರಿ. ಮೂಲ ಶೋಧಕವನ್ನು ಇಡಿಯಾಗಿ ಎತ್ತಿಟ್ಟು, ಬೇರೆ ಡಬ್ಬಿಯನ್ನು ಅದೇ ಅಡ್ಡಕೊಳವೆಗೆ ಜೋಡಿಸಿರಿ. ಸುರುಳಿ ಚಿಕ್ಕದಾಗಬಾರದು, ಉಸಿರು ಕಟ್ಟಿದ ಎಂಜಿನ್ ಪೆಟ್ರೋಲನ್ನು ಹೆಚ್ಚಾಗಿ ನುಂಗಿ ಕಪ್ಪು ಹೊಗೆಯುಗುಳುವುದು. ಕಾರ್ಬ್ಯುರೇಟರಿನ ಮೂಲಕ ಬೆಂಕಿ ಹಿಮ್ಮರಳಿದರೆ ಕಾಗದ ಹೊತ್ತಿಕೊಳ್ಳುವ ಭಯವೂ ಉಂಟು. ಆದುದರಿಂದ ಕಿಡಿ ಹೊತ್ತುವ ಸಮಯವನ್ನು ಮೊದಲೇ ಸರಿಪಡಿಸಿಕೊಂಡಿರಬೇಕು.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಸುಲಭ ಪರೀಕ್ಷೆಯೊಂದಿದೆ. ಮೊದಲು ಅಡ್ಡಕೊಳವೆಯ ಒಳಭಾಗವನ್ನು ಚೆನ್ನಾಗಿ ಒರಸಿಡಿರಿ. ಧೂಳಿನ ದಾರಿಯಲ್ಲಿ ಕೆಲವು ದಿನ ಓಡಿಸಿದ ಬಳಿಕ, ಎಂಜಿನ್ ನಿಲ್ಲಿಸಿ, ಅದನ್ನು ಕಳಚಿ ಬಿಳಿಯ ಬಟ್ಟೆಯಿಂದ ಪುನಃ ಒರಸಿ ನೋಡಿರಿ. ಬಟ್ಟೆಗೆ ಮಣ್ಣು ಹತ್ತಿದರೆ ಎಲ್ಲಿಯೋ ಸೋರಿಕೆಯಿದೆ. ಹೊಸ ಶೋಧಕದಿಂದ ಫಲವಿಲ್ಲ.

ಹಳೆಯ ಬಟ್ಟಲನ್ನೂ ಜಾಲರಿಯನ್ನೂ ಗುಜರಿಗೆ ಹಾಕಬೇಡಿರಿ. ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿಡಿರಿ. ಮುಂದೆ ಆ ಜೀಪನ್ನು ಮೊದಲಿನ ರೂಪದಲ್ಲಿಯೇ ಕಾಣಬಯಸುವವರಿಗೆ ಅವೇ ಸಿಗದ ಸೊತ್ತು. ಕೂಡಿಸಿದ್ದನ್ನು ಯಾವಾಗ ಬೇಕಾದರೂ ಕಳಚುವಂತಿರಲಿ. ಹಳೆಯ ವಾಹನಕ್ಕೆ ಮಾಡುವ ಮಾರ್ಪಾಟಿನ ಮೊದಲ ನಿಯಮವಿದು.